ಹಳೇ ಬಣ್ಣದ ಮೇಲೆ ಪ್ರೈಮರ್: ಮಾಡೆಲ್ ರಾಕೆಟ್‌ಗೆ ಮತ್ತೆ ಬಣ್ಣ ಹೊಡೆಯುವವರಿಗೆ

ಹಳೇ ಬಣ್ಣ ಪೂರ್ತಿ ಕೆರೆದು ತೆಗೆಯಬೇಕಾ? ಮಾಡೆಲ್ ರಾಕೆಟ್ ಹಿಡಿದು ಬರುವ ಹುಡುಗರೆಲ್ಲ ಮೊದಲು ಕೇಳುವುದು ಇದನ್ನೇ. ಬೇಡ. ಗಟ್ಟಿಯಾಗಿ ಹಿಡಿದು ಕೂತಿರುವ ಹಳೇ ಬಣ್ಣದ ಮೇಲೆ ಹೊಸ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಹೊಡೆಯುವ ತಳದ ಕೋಟ್, ಚೆನ್ನಾಗಿಯೇ ನಿಲ್ಲುತ್ತದೆ. ಪೂರ್ತಿ ಕೆರೆಯಲು ಹೋದರೆ ಕೆಳಗಿರುವ ಕಾಗದದ ಟ್ಯೂಬೇ ಕಿತ್ತು ಬರುತ್ತದೆ. ಹಿಂಭಾಗದ ರೆಕ್ಕೆಗಳು, ಅಂದರೆ ಬಾಲ್ಸಾ ಮರದ ಫಿನ್‌ಗಳಂತೂ ಉಗುರು ತಗಲಿದರೂ ಹಳ್ಳ ಬೀಳುವಷ್ಟು ಮೆತ್ತಗಿನವು. ತಿಳಿದುಕೊಳ್ಳಬೇಕಾದ್ದು ಎರಡೇ: ಹಳೇ ಬಣ್ಣ ಹಿಡಿದು ಕೂತಿದೆಯಾ, ಮತ್ತು ಅದು ಯಾವ ಜಾತಿಯ ಬಣ್ಣ. ಇವೆರಡು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಾನು ಹಾಸನದಲ್ಲಿ ಬೈಕು, ಕಾರುಗಳ ಟಿಂಕರಿಂಗ್-ಪೇಂಟಿಂಗ್ ಮಾಡುವವನು. ಬಿ.ಎಂ. ರೋಡಿನಿಂದ ಸ್ವಲ್ಪ ಒಳಗೆ ನಮ್ಮ ಶೆಡ್ಡು. 1982ರಿಂದ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ, ಇರುವ ಊರು ಇದು ಅಲ್ವಾ, ರಾಕೆಟ್ ಹುಚ್ಚಿನ ಮಕ್ಕಳಿಗೆ ಇಲ್ಲಿ ಬರವಿಲ್ಲ. 2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಆ ದಿನವನ್ನೇ ರಾಷ್ಟ್ರೀಯ ಬಾಹ್ಯಾಕಾಶ ದಿನ ಅಂತ ಮಾಡಿದ ಮೇಲೆ ಶಾಲೆಯವರು ಬೀರುವಿನ ಮೇಲೆ ಧೂಳು ಹಿಡಿದಿದ್ದ ಮಾಡೆಲ್‌ಗಳನ್ನೆಲ್ಲ ಕೆಳಗಿಳಿಸಿ ನಮ್ಮಂಥವರ ಹತ್ತಿರ ತರುತ್ತಾರೆ. ನಿಜವಾಗಿ ಹಾರಿಸುವ ರಾಕೆಟ್‌ಗಳನ್ನು ತರುವವರು ಎಂಜಿನಿಯರಿಂಗ್ ಹುಡುಗರು. ನೋಡಲು ಇಡುವ ಮಾಡೆಲ್‌ಗೂ ಹಾರುವ ರಾಕೆಟ್‌ಗೂ ಕೆಲಸ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ತೂಕದಲ್ಲಿ. ಬುಲೆಟ್ ಟ್ಯಾಂಕಿಗೆ ನಾಲ್ಕು ಕೋಟ್ ಪ್ರೈಮರ್ ಹೊಡೆದರೆ ಯಾರೂ ಕೇಳಲ್ಲ. ರಾಕೆಟ್‌ನಲ್ಲಿ ಗ್ರಾಂ ಗ್ರಾಂಗೂ ಲೆಕ್ಕ.

ಮೊದಲು ತೊಳೆಯಿರಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ, ಉಗುರುಬೆಚ್ಚಗಿನ ನೀರು, ಚೆನ್ನಾಗಿ ಹಿಂಡಿದ ಬಟ್ಟೆ. ಅದ್ದಬೇಡಿ, ಒರೆಸಿ ಅಷ್ಟೆ. ಟ್ಯೂಬ್ ಕಾಗದದ್ದು, ತುದಿಯಿಂದ ನೀರು ಒಳಗೆ ಹೋದರೆ ಉಬ್ಬುತ್ತದೆ. ಹಾರಿಸಿದ ರಾಕೆಟ್ ಆದರೆ ಹಿಂಭಾಗದಲ್ಲಿ, ಫಿನ್‌ಗಳ ಸಂದಿಯಲ್ಲಿ ಬೂದಿ ಬಣ್ಣದ ಮಸಿ ಕೂತಿರುತ್ತದೆ. ಕಪ್ಪು ಮದ್ದಿನ ಮೋಟರ್ ಉರಿದ ಮೇಲೆ ಉಳಿಯುವ ಉಪ್ಪು ಅದು. ಗಾಳಿಯ ಪಸೆ ಎಳೆದುಕೊಳ್ಳುವ ಗುಣ ಇದೆ. ಅದರ ಮೇಲೆ ಪ್ರೈಮರ್ ಹೊಡೆದರೆ ಕೆಲವು ದಿನಕ್ಕೇ ಅಲ್ಲಿ ಗುಳ್ಳೆ ಏಳುತ್ತದೆ. ಹಳೇ ಟೂತ್ ಬ್ರಷ್ ತಗೊಂಡು ಸಂದಿ ಸಂದಿ ಉಜ್ಜಿ. ಆಮೇಲೆ ಸಾಬೂನಿನ ಅಂಶ ಉಳಿಯದ ಹಾಗೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಂದು ರಾತ್ರಿ ಬಿಡಿ. ತೊಳೆಯುವ ಮುಂಚೆ ಉಪ್ಪುಕಾಗದ ಹಾಕಬೇಡಿ. ಮೇಲಿನ ಎಣ್ಣೆ, ವ್ಯಾಕ್ಸು ಎಲ್ಲ ಗೀರಿನೊಳಗೆ ಇಳಿದು ಕೂರುತ್ತದೆ. ಆಮೇಲೆ ಎಷ್ಟು ಒರೆಸಿದರೂ ಹೋಗಲ್ಲ.

ಸ್ಟಿಕರ್ ಇದ್ದರೆ ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬಿಸಿ ಮಾಡಿ ಒಂದು ತುದಿಯಿಂದ ನಿಧಾನವಾಗಿ ಎಳೆಯಿರಿ. ನೀರಲ್ಲಿ ನೆನೆಸಿ ಅಂಟಿಸುವ ತೆಳು ಡೆಕಾಲ್ ಆದರೆ ಉಪ್ಪುಕಾಗದದಲ್ಲೇ ತೆಗೆಯಬೇಕು. ಅದರ ಮೇಲೆಯೇ ಪ್ರೈಮರ್ ಹೊಡೆದು ಮುಚ್ಚಿಬಿಡೋಣ ಅನ್ನುವವರು ಇದ್ದಾರೆ. ಅಂಚು ಕಾಣುತ್ತದೆ. ಖಂಡಿತ ಕಾಣುತ್ತದೆ.

ಈಗ ಪರೀಕ್ಷೆ. ಫಿನ್‌ನ ಕೆಳಗಡೆ, ಯಾರಿಗೂ ಕಾಣದ ಜಾಗದಲ್ಲಿ, ಬ್ಲೇಡಿನಿಂದ ಬಣ್ಣದಷ್ಟೇ ಆಳಕ್ಕೆ ಅಡ್ಡ ಉದ್ದ ಸಣ್ಣ ಚೌಕಗಳ ಹಾಗೆ ಗೀರು ಹಾಕಿ. ಮೇಲೆ ಸೆಲ್ಲೋ ಟೇಪ್ ಒತ್ತಿ ಅಂಟಿಸಿ, ಒಂದೇ ಸಲಕ್ಕೆ ಎಳೆಯಿರಿ. ಟೇಪಿಗೆ ಏನೂ ಬರದಿದ್ದರೆ ಬಣ್ಣ ಗಟ್ಟಿ ಇದೆ. ಗೀರಿನ ಅಂಚಿನ ಪುಡಿ ಮಾತ್ರ ಬಂದರೂ ಪರವಾಗಿಲ್ಲ. ಇಡೀ ಚೌಕಗಳೇ ಎದ್ದು ಬಂದರೆ ಆ ಭಾಗದ ಬಣ್ಣ ಹೋಗಲೇಬೇಕು, ಬೇರೆ ದಾರಿ ಇಲ್ಲ. ಹೀಗೆ ಎದ್ದು ಬರುವುದು ಸಾಮಾನ್ಯವಾಗಿ ಪ್ಲಾಸ್ಟಿಕ್ ನೋಸ್ ಕೋನ್ (ರಾಕೆಟ್ಟಿನ ಚೂಪು ಮೂತಿ) ಮೇಲೆ. ಮೊದಲು ಬಣ್ಣ ಹೊಡೆದವರು ಹೊಳೆಯುವ ಪ್ಲಾಸ್ಟಿಕ್ಕನ್ನು ಉಜ್ಜದೆ ಹಾಗೇ ಹೊಡೆದಿರುತ್ತಾರೆ. ಟ್ಯೂಬಿನ ಮೇಲಿನ ಬಣ್ಣ ಹಾಗೆ ಏಳುವುದು ಕಡಿಮೆ, ಕಾಗದ ಬಣ್ಣವನ್ನು ಕುಡಿದಿರುತ್ತದೆ.

ಎರಡನೇ ಪರೀಕ್ಷೆ ಬಣ್ಣದ ಜಾತಿಗೆ. ಬನಿಯನ್ ವೇಸ್ಟ್ ತುಂಡಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಚ್ಚಿ ಅದೇ ಮರೆಯ ಜಾಗದಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಪ್ಲಾಸ್ಟಿಕ್ ಮೇಲೆ ಮಾತ್ರ ಇದನ್ನು ಮಾಡಬೇಡಿ, ನೋಸ್ ಕೋನ್ ಕರಗಿ ನಿಮ್ಮ ಬೆರಳಚ್ಚು ಅದರಲ್ಲಿ ಉಳಿಯುತ್ತದೆ. ಬಟ್ಟೆಗೆ ಬಣ್ಣ ಧಾರಾಳವಾಗಿ ಬಂದರೆ ಅದು ಎನ್‌ಸಿ ಅಥವಾ ಅಕ್ರಿಲಿಕ್ ಲ್ಯಾಕರ್. ಬಣ್ಣ ಬರದೆ ಮೇಲ್ಮೈ ಉಬ್ಬಿ ಮೆತ್ತಗಾದರೆ ಸಿಂಥೆಟಿಕ್ ಎನಾಮೆಲ್, ಅಂದರೆ ಗೇಟಿಗೆ ಗ್ರಿಲ್ಲಿಗೆ ಹೊಡೆಯುವ ಆಯಿಲ್ ಪೇಂಟ್. ಏನೂ ಆಗದಿದ್ದರೆ ಹಾರ್ಡನರ್ ಹಾಕಿ ಹೊಡೆದ ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣ. ಮಕ್ಕಳು ಬ್ರಷ್‌ನಲ್ಲಿ ಹಚ್ಚುವ ನೀರಿನ ಅಕ್ರಿಲಿಕ್ ಇರಬಹುದು ಅಂತ ಅನುಮಾನ ಬಂದರೆ ಸ್ಪಿರಿಟ್ ಹಚ್ಚಿ ನೋಡಿ, ಅಂಟಂಟಾಗುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಅಂಗಡಿಯಲ್ಲಿ ಸಿಗುವ ಸ್ಪ್ರೇ ಕ್ಯಾನ್ ಪ್ರೈಮರ್ ಬಹಳಷ್ಟು ಲ್ಯಾಕರ್ ಜಾತಿಯವು. ಅದರೊಳಗಿನ ಥಿನ್ನರ್ ಖಾರ. ಹಳೇ ಲ್ಯಾಕರ್ ಮೇಲೆ ಹೊಡೆದರೆ ಸ್ವಲ್ಪ ಕರಗಿಸಿ ಅದರ ಜೊತೆ ಬೆರೆತುಕೊಳ್ಳುತ್ತದೆ, ಒಳ್ಳೆಯದೇ. ಪಿಯು ಮೇಲೆ ಚೆನ್ನಾಗಿ ಉಜ್ಜಿ ಹೊಡೆದರೆ ಏನೂ ತೊಂದರೆ ಇಲ್ಲ. ಎಡವಟ್ಟಾಗುವುದು ಎನಾಮೆಲ್ ಮೇಲೆ, ಸುಕ್ಕು ಕಟ್ಟಿಕೊಳ್ಳುತ್ತದೆ. ಹೊಸದಾಗಿ ಹೊಡೆದ ಎನಾಮೆಲ್ ಆದರಂತೂ ಕೈ ಹಾಕಲೇಬೇಡಿ. ವರ್ಷಗಟ್ಟಲೆ ಒಣಗಿ ಕಲ್ಲಾಗಿರುವುದಾದರೆ ತೀರಾ ತೆಳುವಾಗಿ, ಒಣಒಣವಾಗಿ ಹೊಡೆದು ಬಚಾವಾಗಬಹುದು. ನನ್ನನ್ನು ಕೇಳಿದರೆ ಎನಾಮೆಲ್ ಮೇಲೆ ಎನಾಮೆಲ್ ಜಾತಿಯ ಪ್ರೈಮರ್ ಅಥವಾ ನೀರಿನ ಪ್ರೈಮರ್ ಹಾಕಿ, ಸುಮ್ನೆ ರಿಸ್ಕ್ ಬೇಡ. ಕ್ಯಾನ್ ಮೇಲೆ ಬರೆದಿರುವುದನ್ನು ಓದಿ. ಹಾರ್ಡನರ್ ಬೆರೆಸುವ ಪಿಯು ಪ್ರೈಮರನ್ನು ಮನೆಯಲ್ಲಿ ಹೊಡೆಯಲೇಬೇಡಿ. ಅದರ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಸಾಧಾರಣ ಮಾಸ್ಕಿಗೆ ಅದು ನಿಲ್ಲುವುದೂ ಇಲ್ಲ.

ಇನ್ನು ಉಜ್ಜುವುದು. ಜನ ಅವಸರ ಮಾಡುವುದು ಇಲ್ಲೇ. ಹಳೇ ಬಣ್ಣದ ಹೊಳಪು ಹೋಗಬೇಕು, ಬಣ್ಣ ಹೋಗಬಾರದು. 320 ನಂಬರಿನ ಉಪ್ಪುಕಾಗದದಲ್ಲಿ ಶುರು ಮಾಡಿ, 400ರಲ್ಲಿ ಮುಗಿಸಿ. ಟ್ಯೂಬಿನ ಸುತ್ತ ಅಡ್ಡಡ್ಡ ಉಜ್ಜಬೇಡಿ, ಉದ್ದಕ್ಕೆ ಉಜ್ಜಿ. ಟ್ಯೂಬಿನ ಕಾಗದ ಎಲ್ಲೂ ಬಯಲಾಗಿಲ್ಲ ಅಂದರೆ ವಾಟರ್ ಪೇಪರನ್ನು (ನೀರು ತಾಳುವ ಉಪ್ಪುಕಾಗದ) ಸ್ವಲ್ಪ ಒದ್ದೆ ಮಾಡಿಕೊಳ್ಳಬಹುದು, ಧೂಳು ಏಳಲ್ಲ. ಎಲ್ಲಾದರೂ ಕಂದು ಕಾಗದ ಇಣುಕಿತು ಅಂದರೆ ನೀರು ಪಕ್ಕಕ್ಕಿಡಿ. ಕಾಗದ ಬಯಲಾದ ಜಾಗ ನೂಲುನೂಲಾಗಿ ಎದ್ದಿರುತ್ತದೆ. ಅದಕ್ಕೆ ಒಂದು ಹನಿ ಫೆವಿಕ್ವಿಕ್ ಹಾಕಿ, ಪ್ಲಾಸ್ಟಿಕ್ ಕವರಿನ ತುಂಡಿನಿಂದ ತೆಳುವಾಗಿ ಸವರಿ. ಮುಖ ದೂರ ಇಟ್ಟುಕೊಳ್ಳಿ, ಕಣ್ಣು ಉರಿಯುತ್ತದೆ. ಒಣಗಿದ ಮೇಲೆ ಕಾಗದ ಗಟ್ಟಿಯಾಗಿರುತ್ತದೆ, 400ರಲ್ಲಿ ಉಜ್ಜಿದರೆ ನುಣ್ಣಗಾಗುತ್ತದೆ. ಟ್ಯೂಬಿನ ಮೇಲ್ತುದಿ ಜಜ್ಜಿ ಹೋಗಿದ್ದರೂ ಇದೇ ಮದ್ದು.

ಹಳೇ ಪಟ್ಟೆಗಳ ಅಂಚಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಂದು ಶಾಲೆಯವರು ತಂದ ಪಿಎಸ್‌ಎಲ್‌ವಿ ಮಾಡೆಲ್ ನೂರಕ್ಕೆ ಒಂದರ ಅಳತೆಯದು. ಅಸಲಿ ರಾಕೆಟ್ 44.4 ಮೀಟರ್ ಎತ್ತರ, 2.8 ಮೀಟರ್ ದಪ್ಪ. ಮಾಡೆಲ್ 44 ಸೆಂಟಿಮೀಟರ್ ಮೇಲೆ ಒಂಚೂರು, ದಪ್ಪ 28 ಮಿಲಿಮೀಟರ್. ಯಾರೋ ಉತ್ಸಾಹದಲ್ಲಿ ಅದಕ್ಕೆ ಮಾಸ್ಕಿಂಗ್ ಟೇಪ್ ಸುತ್ತಿ ದಪ್ಪ ಕೆಂಪು ಪಟ್ಟೆ ಹಾಕಿದ್ದರು. ಟೇಪ್ ತೆಗೆದ ಕಡೆ ಬಣ್ಣ ಏರಿ ಒಂದು ದಿಣ್ಣೆ ನಿಂತಿರುತ್ತದೆ. ಕಣ್ಣಿಗೆ ಏನೂ ಅನ್ನಿಸಲ್ಲ. ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರನ್ನು ಟ್ಯೂಬಿನ ಉದ್ದಕ್ಕೆ ಎಳೆಯಿರಿ. ಪಟ್ಟೆ ಬಂದ ಕಡೆ ಉಗುರು ಟಕ್ ಅಂತ ನಿಲ್ಲುತ್ತದೆ. ಉಗುರು ನಿಂತ ಕಡೆ, ಮೇಲೆ ಎಷ್ಟು ಪ್ರೈಮರ್ ಹೊಡೆದರೂ, ಹೊಳೆಯುವ ಬಣ್ಣ ಬಂದ ದಿನ ಒಂದು ಉಂಗುರ ಎದ್ದು ಕಾಣುತ್ತದೆ. ಅದನ್ನು ಬರೀ ಬೆರಳಿನಿಂದ ಉಜ್ಜಿದರೆ ದಿಣ್ಣೆಯ ಜೊತೆ ಪಕ್ಕದ ಬಣ್ಣವೂ ತಗ್ಗುತ್ತದೆ, ದಿಣ್ಣೆ ಹಾಗೇ ಉಳಿಯುತ್ತದೆ. ಉಪ್ಪುಕಾಗದವನ್ನು ಒಂದು ಗಟ್ಟಿ ರಬ್ಬರ್ ತುಂಡಿಗೆ ಸುತ್ತಿಕೊಳ್ಳಿ. 320ರಲ್ಲಿ ದಿಣ್ಣೆಯ ಮೇಲಷ್ಟೇ ಉದ್ದಕ್ಕೆ ಹೋಗಿ. ಕೆಂಪು ಬಣ್ಣ ಅಂಚಿನಲ್ಲಿ ಮೊದಲು ಗುಲಾಬಿಯಾಗುತ್ತದೆ, ಆಮೇಲೆ ಕೆಳಗಿನ ಬಿಳಿ ಹಲ್ಲುಹಲ್ಲಾಗಿ ಇಣುಕುತ್ತದೆ. ಆಗ ನಿಲ್ಲಿಸಿ ಮತ್ತೆ ಉಗುರು ಎಳೆದು ನೋಡಿ. ತಡೆಯದೆ ಜಾರಿ ಹೋದರೆ ಸಾಕು.

ಫಿನ್‌ಗಳ ಮುಂದಿನ ಅಂಚಿನಲ್ಲಿ ಕೈ ಹಗುರ ಇರಲಿ, ಅಲ್ಲಿ ಬಣ್ಣ ಬೇಗ ಹೋಗಿ ಮರ ಕಾಣುತ್ತದೆ. ಸಣ್ಣ ಹಳ್ಳಗಳಿಗೆ ಎನ್‌ಸಿ ಪುಟ್ಟಿ ಹಚ್ಚಬಹುದು. ಎನಾಮೆಲ್ ಮೇಲೆ ಮತ್ತು ಪ್ಲಾಸ್ಟಿಕ್ ಮೇಲೆ ಅದೂ ಬೇಡ, ನೀರಿನ ಪುಟ್ಟಿ ಹಾಕಿ.

ಪ್ರೈಮರ್‌ಗೆ ಮುಂಚೆ ಕಟ್ಟಿ ಮುಚ್ಚಬೇಕಾದ ಜಾಗಗಳಿವೆ. ಹಿಂದಿನ ಮೋಟರ್ ತೂತಿಗೆ ಹಳೇ ಪೇಪರನ್ನು ಬಿಗಿಯಾಗಿ ಸುರುಳಿ ಸುತ್ತಿ ತೂರಿಸಿ, ಅದೇ ನಿಮಗೆ ಹಿಡಿಯುವ ಹಿಡಿಯೂ ಆಗುತ್ತದೆ. ಸಣ್ಣ ಮೋಟರ್‌ಗಳು 18 ಮಿಲಿಮೀಟರ್ ದಪ್ಪ, ಒಳಗೆ ಬಣ್ಣ ಕೂತರೆ ಮೋಟರ್ ಹೋಗಲ್ಲ. ಪಕ್ಕದಲ್ಲಿ ಲಾಂಚ್ ಕಂಬಿ ತೂರುವ ಸಣ್ಣ ಕೊಳವೆ ಇರುತ್ತಲ್ಲ, ಅದಕ್ಕೆ ಅಗರಬತ್ತಿ ಕಡ್ಡಿಗೆ ಟೇಪ್ ಸುತ್ತಿ ತುರುಕಿ. ನೋಸ್ ಕೋನ್ ಕೆಳಗೆ ಟ್ಯೂಬಿನೊಳಗೆ ಕೂರುವ ಭಾಗಕ್ಕೆ ಮಾಸ್ಕಿಂಗ್ ಟೇಪ್. ಪ್ಯಾರಾಚೂಟು, ದಾರ ಎಲ್ಲ ಒಳಗೆ ತಳ್ಳಿ ಮೇಲಿನ ಬಾಯಿಗೆ ಪೇಪರ್ ತುಂಬಿ.

ಮಳೆಯ ವಿಷಯಕ್ಕೆ ಬರೋಣ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಂಪಿಗೆ ಸಣ್ಣ ಹನಿಯಾಗಿ ಬಣ್ಣದ ಮೇಲೇ ಕೂರುತ್ತದೆ. ಬಣ್ಣದಲ್ಲಿ ಅದು ಬಿಳಿ ಮಬ್ಬಾಗಿ ಕಾಣುತ್ತದೆ, ಗೊತ್ತಾಗುತ್ತದೆ. ಬೂದು ಪ್ರೈಮರ್‌ಗೆ ಮೊದಲೇ ಹೊಳಪಿಲ್ಲ, ಹಾಗಾಗಿ ಕಾಣಲ್ಲ. ಆದರೆ ಅಲ್ಲಿ ಹಿಡಿತ ಕಡಿಮೆ ಇರುತ್ತದೆ, ಸೂಜಿಮೊನೆಯಂಥ ತೂತುಗಳೂ ಬೀಳಬಹುದು. ಮೊಬೈಲಿನಲ್ಲಿ ಹವಾಮಾನ ನೋಡಿದರೆ ತೇವಾಂಶ ಎಷ್ಟು ಅಂತ ತೋರಿಸುತ್ತದೆ. 65-70 ಶೇಕಡಾ ಒಳಗಿದ್ದರೆ ನಿಶ್ಚಿಂತೆಯಾಗಿ ಹೊಡೆಯಿರಿ. 85 ದಾಟಿದರೆ ಕ್ಯಾನ್ ಮುಟ್ಟಬೇಡಿ. ಅರಸೀಕೆರೆ, ಕಡೂರು ಕಡೆಯವರಿಗೆ ಇದು ದೊಡ್ಡ ತಲೆನೋವಲ್ಲ. ಸಕಲೇಶಪುರ, ಮೂಡಿಗೆರೆಯವರು ಜುಲೈನಲ್ಲಿ ಒಳ್ಳೆ ದಿನ ಕಾಯುತ್ತಾ ಕೂತರೆ ಕೆಲಸ ಆಗಲ್ಲ. ಆಗಸ್ಟ್ 23ಕ್ಕೆ ರಾಕೆಟ್ ಬೇಕು ಅನ್ನುವ ಮೇಷ್ಟ್ರುಗಳಿಗೆ ನಾನು ಹೇಳುವುದು ಒಂದೇ: ಮೇ ತಿಂಗಳಲ್ಲಿ ತಂದುಕೊಡಿ ಸಾರ್. ಯಾರೂ ತರುವುದಿಲ್ಲ, ಅದು ಬೇರೆ ಮಾತು.

ಮಳೆಗಾಲದಲ್ಲೇ ಹೊಡೆಯಬೇಕು ಅಂದರೆ ಮಳೆ ಬಿಟ್ಟ ದಿನ ಬೆಳಿಗ್ಗೆ ಹನ್ನೊಂದರ ಮೇಲೆ, ಮಧ್ಯಾಹ್ನ ಮೂರರೊಳಗೆ ಮುಗಿಸಿ. ಹಿಂದಿನ ರಾತ್ರಿ ರಾಕೆಟ್ಟನ್ನು ಬೆಚ್ಚಗಿನ ಕೋಣೆಯಲ್ಲಿಡಿ, ಕಾಗದ ಮತ್ತು ಬಾಲ್ಸಾ ಎರಡೂ ಪಸೆ ಕುಡಿಯುತ್ತವೆ. ಕ್ಯಾನನ್ನು ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಪ್ರೈಮರ್ ಸಣ್ಣ ಮಂಜಾಗಿ ಬರುತ್ತದೆ. ಕುದಿಯುವ ನೀರು ಬೇಡ, ಒಲೆಯ ಹತ್ತಿರವಂತೂ ಬೇಡವೇ ಬೇಡ. ಹೊಡೆಯುವ ಜಾಗದಲ್ಲಿ ಗ್ಯಾಸ್, ದೀಪ, ಬೀಡಿ ಯಾವುದೂ ಇರಬಾರದು. ಬಾಗಿಲು ತೆರೆದಿರಲಿ. ಬಟ್ಟೆ ಮಾಸ್ಕು, ಧೂಳಿನ ಮಾಸ್ಕು ಥಿನ್ನರ್ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಹೊಡೆಯುವುದು ಇಡೀ ಕೆಲಸದಲ್ಲಿ ಸುಲಭದ್ದು. ಕ್ಯಾನ್ ಒಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೆ ಎರಡು ನಿಮಿಷ ಅಲ್ಲಾಡಿಸಿ. 20-25 ಸೆಂಟಿಮೀಟರ್ ದೂರ. ರಾಕೆಟ್ಟಿನ ಈಚೆ ಗಾಳಿಯಲ್ಲಿ ಒತ್ತಿ, ರಾಕೆಟ್ ದಾಟಿ ಆಚೆ ಬಿಡಿ. ಟ್ಯೂಬಿನ ಮೇಲೆ ನಿಂತು ಒತ್ತುವುದು, ಅಲ್ಲೇ ಬಿಡುವುದು ಮಾಡಿದರೆ ಪ್ರೈಮರ್ ಸೋರಿ ಇಳಿಯುತ್ತದೆ. ಮೊದಲ ಕೋಟ್ ಪೂರ್ತಿ ಮುಚ್ಚಬಾರದು. ಹಳೇ ಬಣ್ಣ ಮಬ್ಬಾಗಿ ಕಾಣುತ್ತಿರಬೇಕು. ಹತ್ತು ನಿಮಿಷ ಬಿಟ್ಟು ಎರಡನೆಯದು, ಆಮೇಲೆ ಬೇಕಾದರೆ ಮೂರನೆಯದು. ಫಿನ್ ಸಂದಿಗಳಿಗೆ ಮೊದಲು ಹೊಡೆದು, ಆಮೇಲೆ ಬಯಲು ಜಾಗಕ್ಕೆ ಬನ್ನಿ.

ಎರಡನೇ ಕೋಟ್ ಆದ ಒಂದೆರಡು ನಿಮಿಷ ಕಣ್ಣಿಟ್ಟು ನೋಡುತ್ತಿರಿ. ಜಾತಿ ಹೊಂದದಿದ್ದರೆ ಗೊತ್ತಾಗುವುದು ಆಗಲೇ. ಮೊದಲು ನೀವು ಉಜ್ಜಿ ಬಣ್ಣ ತೆಳುವಾದ ಅಂಚಿನಲ್ಲಿ, ಕೂದಲೆಳೆಯಷ್ಟು ಒಂದು ಗೆರೆ ಉಬ್ಬುತ್ತದೆ. ಥಿನ್ನರ್ ಅಲ್ಲಿಂದ ಅಡ್ಡಕ್ಕೆ ಹಳೇ ಬಣ್ಣದ ಹೊಟ್ಟೆಗೆ ನುಗ್ಗುತ್ತದೆ. ಆಮೇಲೆ ನೋಡನೋಡುತ್ತಿದ್ದಂತೆ ಅಲ್ಲಿಂದ ಆಚೆ, ಕಾದ ಹಾಲಿನ ಮೇಲಿನ ಕೆನೆ ಹಾಗೆ, ಸುಕ್ಕು ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಬೆರಳು ಹಾಕಬೇಡಿ, ಒರೆಸಬೇಡಿ, ಇನ್ನೊಂದು ಕೋಟ್ ಹೊಡೆದು ಮುಚ್ಚಬೇಡಿ. ಹಾಗೇ ಬಿಡಿ, ಎರಡು ಮೂರು ದಿನ. ಮೂಗಿಗೆ ಹಿಡಿದರೆ ಥಿನ್ನರ್ ವಾಸನೆ ಬರಬಾರದು, ಅಲ್ಲಿವರೆಗೆ. ಆಮೇಲೆ ಸುಕ್ಕನ್ನು 320ರಲ್ಲಿ ಸಪಾಟು ಮಾಡಿ, ಆ ಜಾಗಕ್ಕೆ ನೀರಿನ ಪ್ರೈಮರ್ ತೆಳುವಾಗಿ ಹಚ್ಚಿ ಮುಚ್ಚಿ, ಒಣಗಿದ ಮೇಲೆ ಮುಂದುವರಿಸಿ.

ಎಲ್ಲ ಸರಿಯಾಗಿ ಕೂತರೆ ಒಂದು ದಿನ ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಎರಡು ದಿನ. ನಮ್ಮ ಶೆಡ್ಡಿನಲ್ಲಿ ಕಾರಿನ ಬಾಗಿಲಿಗೆ ಮಾಡುವ ಒಂದು ಕೆಲಸ ರಾಕೆಟ್‌ಗೂ ಮಾಡಿ: ಪ್ರೈಮರ್ ಮೇಲೆ ದೂರದಿಂದ ಕಪ್ಪು ಸ್ಪ್ರೇ ಸುಮ್ನೆ ಧೂಳಿನ ಹಾಗೆ ಚಿಮುಕಿಸಿ. ಒಣಗಿದ ಮೇಲೆ 400ರಲ್ಲಿ, ಆಮೇಲೆ 600ರಲ್ಲಿ ಉಜ್ಜಿ. ಎತ್ತರದ ಜಾಗದ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಟ್ಯೂಬಿನ ಮೇಲೆ ಸುರುಳಿಯಾಗಿ ಏರುವ ಕಪ್ಪು ಗೆರೆ ಉಳಿದರೆ ಅದು ಕಾಗದ ಸುತ್ತಿದ ಜೋಡಣೆಯ ಗೆರೆ. ಆ ಗೆರೆಗೆ ಮಾತ್ರ ಪುಟ್ಟಿ ಎಳೆಯಿರಿ, ಇಡೀ ಟ್ಯೂಬಿಗೆ ಮತ್ತೆ ಪ್ರೈಮರ್ ಹೊಡೆಯಬೇಡಿ.

ಹೊಡೆದ ಪ್ರೈಮರ್‌ನಲ್ಲಿ ಹೆಚ್ಚಿನ ಪಾಲು ಉಜ್ಜಿದ ಪುಡಿಯಾಗಿ ನೆಲಕ್ಕೆ ಬೀಳಬೇಕು. ಎಂಜಿನಿಯರಿಂಗ್ ಹುಡುಗನೊಬ್ಬ ಲೆಕ್ಕ ಹಾಕಿ ತೋರಿಸಿದ. 25 ಮಿಲಿಮೀಟರ್ ದಪ್ಪ, 40 ಸೆಂಟಿಮೀಟರ್ ಉದ್ದದ ಟ್ಯೂಬಿನ ಮೇಲೆ ಒಣಗಿದ ಪ್ರೈಮರ್ 0.05 ಮಿಲಿಮೀಟರ್ ಉಳಿದರೆ ಸುಮಾರು ಎರಡೂವರೆ ಗ್ರಾಂ ಆಗುತ್ತದೆ. "ಅಣ್ಣಾ, ಹಿಂದೆ ಫಿನ್ ಮೇಲೆ ಜಾಸ್ತಿ ಕೂತರೆ ಇನ್ನೂ ಕಷ್ಟ" ಅಂದ. ಹಿಂದೆ ಭಾರವಾದರೆ ರಾಕೆಟ್ಟಿನ ತೂಕದ ಮಧ್ಯಬಿಂದು ಹಿಂದಕ್ಕೆ ಸರಿಯುತ್ತದೆ. ಗಾಳಿಯ ಒತ್ತಡದ ಮಧ್ಯಬಿಂದುವಿಗಿಂತ ಅದು ಕಡಿಮೆಯೆಂದರೂ ಒಂದು ಟ್ಯೂಬಿನ ದಪ್ಪದಷ್ಟು ಮುಂದಿರಬೇಕು ಅನ್ನುವುದು ಅವರ ರೂಢಿ. ಇಲ್ಲದಿದ್ದರೆ ನೇರ ಹೋಗದೆ ಗಿರಕಿ ಹೊಡೆಯುತ್ತದೆ. ಹಾಗಾಗಿ ಕೆಲಸ ಶುರು ಮಾಡುವ ಮುಂಚೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ಉರಿದಿರದ ಮೋಟರ್ ಒಳಗಿಟ್ಟು ದಾರದಲ್ಲಿ ತೂಗುಹಾಕಿ, ಸಮವಾಗಿ ನಿಲ್ಲುವ ಜಾಗ ಮೂತಿಯಿಂದ ಎಷ್ಟು ದೂರ ಅಂತ ಅಳೆದುಕೊಳ್ಳಿ. ಪ್ರೈಮರ್ ಆದ ಮೇಲೆ ಮತ್ತೆ ಅಳೆಯಿರಿ. ಹಿಂದಕ್ಕೆ ಸರಿದಿದ್ದರೆ ಫಿನ್ ಮೇಲಿನದನ್ನು ಇನ್ನಷ್ಟು ಉಜ್ಜಿ. ಅದೂ ಸಾಲದಿದ್ದರೆ ನೋಸ್ ಕೋನ್ ಒಳಗೆ ಸ್ವಲ್ಪ ಜೇಡಿಮಣ್ಣು ಅಂಟಿಸುತ್ತಾರೆ. ನೋಡಲು ಇಡುವ ಮಾಡೆಲ್‌ಗೆ ಇದ್ಯಾವುದೂ ಬೇಕಿಲ್ಲ.

ಬಣ್ಣಕ್ಕೆ ಹೋಗುವ ಮುಂಚೆ ಪುಡಿಯನ್ನು ಹಸಿ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಬರಿಗೈಯಲ್ಲಿ ಮತ್ತೆ ಮುಟ್ಟಬೇಡಿ. ಹಳದಿ, ಕಿತ್ತಳೆ, ರೇಡಿಯಂ ಬಣ್ಣ ಹೊಡೆಯುವುದಾದರೆ ಬೂದು ಪ್ರೈಮರ್ ಮೇಲೆ ಬಿಳಿ ತೆಳು ಕೋಟ್ ಕೊಡಿ, ಇಲ್ಲದಿದ್ದರೆ ಬಣ್ಣ ಸತ್ತಂತೆ ಕಾಣುತ್ತದೆ. ಕಪ್ಪು, ನೀಲಿಗೆ ಬೂದು ಸಾಕು. ಬಣ್ಣ ಪೂರ್ತಿ ಒಣಗಿದ ಮೇಲೆ ಟೇಪುಗಳನ್ನೆಲ್ಲ ತೆಗೆದು ನೋಸ್ ಕೋನ್ ಹಾಕಿ, ರಾಕೆಟ್ಟನ್ನು ನೋಸ್ ಕೋನ್ ಹಿಡಿದು ಎತ್ತಿ. ಟ್ಯೂಬ್ ಜೊತೆಗೆ ಎದ್ದು ಬರಬೇಕು. ತಲೆಕೆಳಗು ಮಾಡಿ ಸಣ್ಣಗೆ ಒದರಿದರೆ ನೋಸ್ ಕೋನ್ ಕಳಚಿ ಬೀಳಬೇಕು. ಬೀಳದಿದ್ದರೆ ಮೇಲೆ ಹೋದಾಗ ಪ್ಯಾರಾಚೂಟ್ ಹೊರಗೆ ಬರಲ್ಲ. ಟ್ಯೂಬಿನ ಬಾಯಿಯ ಒಳಗಡೆ ಪ್ರೈಮರ್ ಕೂತಿರುತ್ತದೆ. 400 ನಂಬರ್ ಕಾಗದವನ್ನು ಬೆರಳಿಗೆ ಸುತ್ತಿ ಒಳಗೆ ನಾಲ್ಕು ಸುತ್ತು ತಿರುಗಿಸಿ, ಮತ್ತೆ ಹಾಕಿ ನೋಡಿ.